ಹರಿಯಬೇಕಿದ್ದ ಸುತಳಿ

ಮೊನ್ನೆ ಸಿಂಧನೂರಿನಲ್ಲಿ ಕಿರಾಣಿ ಅಂಗಡಿಯವನು ಬೆಲ್ಲದ ಪೊಟ್ಟಣಕ್ಕೆ ಸುತಳಿ ಸುತ್ತಿ, ಬೆರಳಿಗೆ ತಿರುವಿ, ಪಟ್ಟನೆ ಹರಿದ. ಸೆಣಬಿನ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಬೆಲ್ಲ ಅಲ್ಲೇ ಬಿಟ್ಟು ಮನೆಗೆ ಬಂದೆ...

ನನ್ನ ತಮ್ಮ ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ನಾನು ಅಲ್ಲೇ ಚೀಲದ ಬಾಯಿ ಹೊಲಿಯುತ್ತಿದ್ದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಗಟ್ಟಿ ಹೊಲಿಗೆಯೇ ಒಳ್ಳೆಯ ಹೊಲಿಗೆ, ಅಷ್ಟೇ ಗೊತ್ತಿತ್ತು. ತೊಂಬತ್ತನೇ ಇಸವಿಯ ಆಸುಪಾಸು, ತಮ್ಮ ಲಿಂಗಸುಗೂರಿನ ಟಾಕೀಜಿನಲ್ಲಿ ಪ್ಯಾರಾಚೂಟಿನಿಂದ ಇಳಿಯುವ ಸಿಪಾಯಿಗಳನ್ನು ನೋಡಿ ಬಂದ. ಆಮೇಲೆ ಅದೇ ಹುಚ್ಚು. ಬಟ್ಟೆ ತಂದು ನನ್ನಿಂದಲೇ ಒಂದು ಪ್ಯಾರಾಚೂಟು ಹೊಲಿಸಿದ.

ಅವನ ಲೆಕ್ಕ ಇಷ್ಟು: ಬಟ್ಟೆಯ ನೆತ್ತಿಯಿಂದ ಬಂಡೆಗೆ ಒಂದು ಎಳೆ ಕಟ್ಟಬೇಕು. ಜಿಗಿದಾಗ ಅದು ಬಟ್ಟೆಯನ್ನು ಎಳೆದು ಬಿಚ್ಚಬೇಕು, ಬಿಚ್ಚಿದ ಕೂಡಲೇ ತಾನು ಹರಿಯಬೇಕು. ಮಸ್ಕಿಯ ಗುಡ್ಡದ ಮೇಲಿಂದ ತನ್ನಷ್ಟೇ ತೂಕದ ಉಸುಕಿನ ಚೀಲ ಬಿಟ್ಟು ನೋಡಿದ. ನೂಲು ಕಟ್ಟಿದಾಗ ಬಟ್ಟೆ ಬಿಚ್ಚುವ ಮೊದಲೇ ಅದು ಹರಿದು, ಚೀಲ ಬಿದ್ದು ಒಡೆಯಿತು. ಸುತಳಿ ಕಟ್ಟಿದಾಗ ಬಟ್ಟೆ ಬಿಚ್ಚಿದ ಮೇಲೆ ಅದು ಹರಿದು, ಚೀಲ ತೇಲುತ್ತ ಇಳಿಯಿತು.

"ಇಷ್ಟು ಸಣ್ಣದಕ್ಕ ಜೀವ ಕಟ್ತೀಯೇನೋ?" ಅಂದೆ.

"ಇದು ಹರೀಬೇಕಂತನ ಕಟ್ಟಾಕತ್ತೀನಿ ಯಕ್ಕಾ. ನಿನ್ನ ಚೀಲದ ಬಾಯಲ್ಲಬೇ ಇದು!" ಅಂತ ನಕ್ಕ.

ಅವನು ಜಿಗಿಯುವ ದಿನ ಎಳೆ ಕಟ್ಟುವ ಕೆಲಸ ನನ್ನದು. ಸುತಳಿ ಸೆರಗಿನಲ್ಲಿ ಮುಚ್ಚಿಟ್ಟು, ಅವನ ಬೆನ್ನ ಹಿಂದೆ ನೈಲಾನ್ ಹಗ್ಗ ಕಟ್ಟಿದೆ. ಗಟ್ಟಿಯಾಗಿರಲಿ ಅಂತ.

ಬಟ್ಟೆ ಬಿಚ್ಚಿತು, ಹಗ್ಗ ಬಿಡಲಿಲ್ಲ. ಜೋತುಬಿದ್ದವನು ತೂಗಾಡಿ ಬಂಡೆಗೆ ಬಡಿದ. ಕೊನೆಗೆ ಬಟ್ಟೆಯೇ ಹರಿದು ಕೆಳಗೆ ಬಿದ್ದ. ಅವನತ್ತ ಓಡುವ ಮೊದಲು ನಾನು ಹಗ್ಗ ಬಿಚ್ಚಿ ಮುಳ್ಳುಕಂಟಿಗೆ ಎಸೆದೆ. ಮೊದಲು ಅದನ್ನು ಮಾಡಿದೆ...

ಅವನ ಸೊಂಟ ಹೋಯಿತು. ಹೊರಸಿನ ಮೇಲೆ ಮಲಗಿಯೇ ಸುತಳಿ ಎಳೆದೆಳೆದು ಹರಿಯುತ್ತಿದ್ದ.

"ಚೀಲಕ್ಕ ಹರೀತು, ನನಗ್ಯಾಕ ಹರೀಲಿಲ್ಲ ಯಕ್ಕಾ? ನೀ ಕಟ್ಟಿದ್ದು ಇದೇ ಹೌದಿಲ್ಲೋ?"

"ಹೌದಪ್ಪ, ಇದೇ," ಅಂದೆ.

"ಹಂಗಾರ ನನ್ನ ಲೆಕ್ಕನ ತಪ್ಪೈತಿ."

ನೋಡಲು ಬಂದ ಮಿಲ್ಲಿನ ಹಮಾಲರು, "ಸುತಳಿ ನಂಬಿ ಹಾರಿದ್ಯೇನಲೇ ಶಾಣ್ಯಾ?" ಅಂತ ಚೇಷ್ಟೆ ಮಾಡುತ್ತಿದ್ದರು. ಅವನು ಗೋಡೆಯ ಕಡೆ ಮುಖ ತಿರುವುತ್ತಿದ್ದ. ನಾನು ಅವರಿಗೆ ಚಹಾ ಕೊಡುತ್ತಿದ್ದೆ. ಸಾಯುವತನಕ ಅವನು ತನ್ನ ಲೆಕ್ಕವನ್ನೇ ಬೈದುಕೊಂಡ.

ನಿನ್ನೆ ಬೆಲ್ಲ ತರಲು ಮತ್ತೆ ಹೋದೆ. ಮನೆಗೆ ಬಂದು ಪೊಟ್ಟಣದ ಸುತಳಿ ಬಿಚ್ಚಿ, ಬೆರಳಿಗೆ ಸುತ್ತಿ ಎಳೆದೆ. ಹರಿಯಿತು. ಅವನ ಲೆಕ್ಕ ಸರಿಯಿತ್ತು. ಅದನ್ನು ಕೇಳಬೇಕಾದವನು ಇಲ್ಲ. ಕೇಳಲು ಅವನಿದ್ದಾಗ ನಾನು ಹೇಳಲಿಲ್ಲ.