ತಂತಿಗೆ ಬಿದ್ದ ಗಂಟು

ಕಪಾಟು ಸರಿಸಿ, ಗೋಡೆಗುಂಟ ಬಂದಿದ್ದ ಟೆಲಿಫೋನ್ ತಂತಿಯ ಮೇಲೆ ಟಾರ್ಚ್ ಬಿಟ್ಟ ಲೈನ್‌ಮನ್ ನಕ್ಕುಬಿಟ್ಟರು. "ಈ ಮನ್ಯಾಗ ಸೀರಿ ನೇಯೋರು ಯಾರ್ರೀ?"

ಇಳಕಲ್ಲಿನ ನಮ್ಮ ಮನೆಗೆ ಹೊಸದಾಗಿ ಹಾಕಿಸಿದ್ದ ಬ್ರಾಡ್‌ಬ್ಯಾಂಡ್‌ನಲ್ಲಿ ಒಂದು ಫೋಟೊ ತೆರೆದುಕೊಳ್ಳುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಮೋಡೆಮ್ ಬದಲಿಸಿದರೂ ಅದೇ ಹಾಡು. ಈಗ ನೋಡಿದರೆ, ಇಲಿ ಕಡಿದಿದ್ದ ತಂತಿಯನ್ನು ಯಾರೋ ಹರಿದ ನೂಲಿನೆಳೆ ಕೂಡಿಸಿದಂತೆ ಗಂಟು ಹಾಕಿ ಜೋಡಿಸಿದ್ದರು.

"ನಾನ ಹಾಕೀನಿ," ಎಂದ ಮೂಲೆಯಲ್ಲಿ ಕೂತಿದ್ದ ಅಪ್ಪ. ಕಣ್ಣು ಮಂಜಾಗಿ ಮಗ್ಗ ಬಿಟ್ಟವನು, ಬರೀ ಬೆರಳಿನಿಂದ ತಡವಿ ಹಾಕಿದ್ದ. "ನನ್ನ ಗಂಟು ಇವತ್ತಿನತನಕ ಒಂದೂ ಬಿಚ್ಚಿಲ್ಲ."

"ಗಂಟು ಗಟ್ಟೀನ ಐತ್ರಿ ಅಜ್ಜಾರ. ಆದ್ರ ಕಿಲುಬು ಹಿಡದೈತಿ, ಅದಕ್ಕ ನೆಟ್ ಓಡವಲ್ದು," ಎನ್ನುತ್ತ ಲೈನ್‌ಮನ್ ಅದನ್ನು ಕಟಕ್ಕನೆ ಕತ್ತರಿಸಿ ನೆಲಕ್ಕೆ ಹಾಕಿದರು. ಅಪ್ಪ ನೆಲ ತಡವಿ ಆ ತುಣುಕನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಗಂಟನ್ನು ಮುಟ್ಟಿ ಮುಟ್ಟಿ ನೋಡುತ್ತ ಕೂತ.

ಇಂಟರ್‌ನೆಟ್ ಈಗ ಚೆನ್ನಾಗಿಯೇ ಓಡುತ್ತದೆ. ಆದರೆ ಅಂದಿನಿಂದ ಅಪ್ಪ ತನ್ನ ಪೈಜಾಮದ ಲಾಡಿ ಹರಿದರೂ ತಾನು ಗಂಟು ಹಾಕಿಕೊಳ್ಳುವುದಿಲ್ಲ, ನನ್ನನ್ನು ಕರೆಯುತ್ತಾನೆ.