ಬೆನ್ನಿಗೆ ನಾಲ್ಕು ಸ್ಕ್ರೂ

ಮಾವನ ಕೈಗೆ ಏನೇ ಕೊಟ್ಟರೂ ಮೊದಲು ಅದನ್ನು ಬೋರಲು ಹಾಕಿ ನೋಡುತ್ತಿದ್ದರು. ಸೊಸೆ ಮನೆಗೆ ಬಂದ ಹೊಸದರಲ್ಲಿ ಟೀ ತಂದಿಟ್ಟಾಗ, ಕಪ್ಪನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಸಾಸರನ್ನು ತಿರುಗಿಸಿ ಅದರ ತಳವನ್ನೇ ದಿಟ್ಟಿಸಿದ್ದರು. ಸರಿಯಾಗಿ ತೊಳೆದಿಲ್ಲವೇನೋ ಎಂದು ಆಕೆ ಒಳಗೆ ಹೋಗಿ ಉಳಿದ ಸಾಸರುಗಳನ್ನೆಲ್ಲ ತಿರುಗಿಸಿ ನೋಡಿದ್ದಳು. ಗಂಡ ಅಡುಗೆಮನೆಗೆ ಬಂದು ಪಿಸುಗುಟ್ಟಿದ: "ಹೆದರ್ಬೇಡ. ಅಪ್ಪನ ಕೆಲಸಾನೇ ಅದು. ನಾನು ಹುಟ್ಟಿದಾಗ್ಲೂ ಮೊದ್ಲು ಬೆನ್ನೇ ನೋಡಿದ್ರಂತೆ, ಸ್ಕ್ರೂ ಎಲ್ಲಿದೆ ಅಂತ."

ಬೀದಿಯ ತಿರುವಿನಲ್ಲಿ ಅವರದೊಂದು ರಿಪೇರಿ ಅಂಗಡಿಯಿತ್ತು. ಅಂಗಡಿ ಅಂದರೆ ದೊಡ್ಡ ಮಾತಾಯಿತು. ಒಂದು ಮೇಜು, ಒಂದು ಬೆಂಚು, ಮೇಜಿನ ಮೇಲೆ ವೈರಿಗೆ ಜೋತುಬಿದ್ದ ಬಲ್ಬು, ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಕೊಂಡು ಕೂತ ರೇಡಿಯೊ, ಫ್ಯಾನು, ಇಸ್ತ್ರಿಪೆಟ್ಟಿಗೆಗಳು. ತೆಗೆದ ಸ್ಕ್ರೂಗಳನ್ನು ತೆಗೆದ ಸಾಲಿನಲ್ಲೇ ಒಂದು ತಟ್ಟೆಯ ಅಂಚಿಗೆ ಜೋಡಿಸುವುದು ಅವರ ಪದ್ಧತಿ. ಎಲ್ಲಿಂದ ಬಂತೋ ಅದು ಅಲ್ಲಿಗೇ ಹೋಗಬೇಕು. ಆ ತಟ್ಟೆಗೆ ಬೇರೆ ಯಾರದಾದರೂ ಕೈ ಸೋಕಿದರೆ ಮುಗಿಯಿತು, ಸಂಜೆಯವರೆಗೂ ಸಿಡಿಮಿಡಿ. ಬೆಂಚಿನ ಮೇಲೆ ಗಿರಾಕಿಗಳು ತೂಕಡಿಸುತ್ತ ಕೂತಿರುವಾಗ, ಸತ್ತೇಹೋಯಿತು ಎಂದುಕೊಂಡಿದ್ದ ರೇಡಿಯೊ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಎಲ್ಲೋ ದೂರದ ಊರಿನ ಹವಾಮಾನ ಹೇಳತೊಡಗುತ್ತಿತ್ತು. ಆಗ ಮಾವ ತಲೆ ಎತ್ತುತ್ತಲೂ ಇರಲಿಲ್ಲ. ಮಾತಾಡಲಿ ಪಾಪ, ಎಷ್ಟು ದಿನವಾಯಿತೋ ಎಂಬಂತೆ ಸುಮ್ಮನೆ ಕೂತಿರುತ್ತಿದ್ದರು.

ಆಮೇಲೆ ಬಂತು ನೋಡಿ ಪ್ಲಾಸ್ಟಿಕ್ಕಿನ ಸಂತಾನ. ಹಗುರ, ನುಣುಪು, ಕಣ್ಣು ಕುಕ್ಕುವ ಬಣ್ಣ. ಬಕೆಟ್ಟಿನ ಹಿಡಿ ಕಿತ್ತು ಬಂದರೆ ಮತ್ತೆ ಸಿಕ್ಕಿಸಲು ಅದಕ್ಕೆ ಕಿವಿಯಿಲ್ಲ. ಸೋಪಿನ ಡಬ್ಬಿಯ ಮುಚ್ಚಳ ಹೋದರೆ ಡಬ್ಬಿಯೂ ಹೋದಂತೆಯೇ. ಟಾರ್ಚು, ಅಲಾರಾಂ ಗಡಿಯಾರ, ಕೈಫ್ಯಾನು, ಒಂದಕ್ಕೂ ಸ್ಕ್ರೂ ಇಲ್ಲ. ಎರಡು ಹೋಳನ್ನು ಎದುರುಬದುರು ಇಟ್ಟು, ಅಂಟು ಬಳಿದು ಒತ್ತಿ ಬಾಯಿ ಮುಚ್ಚಿಸಿಬಿಟ್ಟಿದ್ದಾರೆ. ಒಳಗೆ ಒಂದು ತಂತಿ ಸಡಿಲವಾದರೆ ಇಡೀ ಸಾಮಾನು ತಿಪ್ಪೆಗೆ. ಮಾಡಿದವನಿಗೆ ನಾಚಿಕೆಯಿಲ್ಲ, ಮಾರುವವನಿಗಂತೂ ಮೊದಲೇ ಇಲ್ಲ. ಎಸೆಯುವಾಗ ಜೀವ ಚುರ್ರೆನ್ನುವುದು ನಮಗೆ ಮಾತ್ರ. ಬೆಂಚು ಖಾಲಿಯಾಗುತ್ತ ಬಂತು. ಮಾವ ಒಂದು ದಿನ ಅಂಗಡಿಯ ಬಾಗಿಲೆಳೆದು, ಸಲಕರಣೆಗಳನ್ನೂ ಸ್ಕ್ರೂಗಳ ಬಿಸ್ಕತ್ತಿನ ಡಬ್ಬಿಯನ್ನೂ ಮನೆಗೆ ಹೊತ್ತು ತಂದರು.

ಅವರ ನೆನಪು ಮಸುಕಾಗತೊಡಗಿದ್ದು ಅದಾದ ಕೆಲವು ವರ್ಷಗಳಿಗೆ. ಮೊದಲು ಬೀದಿಗಳ ಹೆಸರು ಹೋದವು, ಆಮೇಲೆ ತಿಂದದ್ದು, ಮಲಗಿದ್ದು. ಕೊನೆಕೊನೆಗೆ ಮಧ್ಯಾಹ್ನದ ಹೊತ್ತು ಮನೆಯೇ ಅಂಗಡಿಯಾಯಿತು. ಕಿಟಕಿಯ ಬಿಸಿಲು ನೆಲದ ಮೇಲೆ ನಿಧಾನವಾಗಿ ಜರುಗುತ್ತಿರುವಾಗ ಅವರು ಕುರ್ಚಿಯಲ್ಲಿ ಕೂತು ಕಾಣದ ಗಿರಾಕಿಗಳಿಗೆ ಉತ್ತರ ಕೊಡುತ್ತಿದ್ದರು. ಸೊಸೆ ಒಂದು ಕನ್ನಡಕದಂಗಡಿಯಲ್ಲಿ ಬೆಳಗಿನ ಹೊತ್ತು ಕೆಲಸ ಮಾಡಿ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಅವಳು ಬಂದ ಮೇಲೆ ಗಂಡ ಪ್ರಿಂಟಿಂಗ್ ಪ್ರೆಸ್ಸಿನ ಎರಡನೇ ಪಾಳಿಗೆ ಹೊರಡುತ್ತಿದ್ದ. ಹೀಗಾಗಿ ಮಧ್ಯಾಹ್ನಗಳೆಲ್ಲ ಮಾವ ಸೊಸೆಯರವೇ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದರೆ ಮಾವ, "ಕೂತಿರಿ ಅಮ್ಮ, ನಿಮ್ದೇ ಮುಂದಿನದು," ಎನ್ನುತ್ತಿದ್ದರು. ಅವಳೂ ಸರಿ ಎಂದು ಕೂತಿರುತ್ತಿದ್ದಳು. ಯಾವ ಸಾಮಾನು ರಿಪೇರಿಗೆ ತಂದಿದ್ದೇನೆ ಎಂದು ಅವಳಿಗೂ ಗೊತ್ತಿರಲಿಲ್ಲ. ಆ ಬೆಚ್ಚನೆಯ ಮಂಪರಿನಲ್ಲಿ ಅದು ಗೊತ್ತಿರಲೇಬೇಕು ಎಂದೂ ಅನಿಸುತ್ತಿರಲಿಲ್ಲ.

ಎಲ್ಲ ಕೆಟ್ಟದ್ದು ಒಂದು ಟಾರ್ಚಿನಿಂದ. ನೀಲಿ ಬಣ್ಣದ, ಚಾರ್ಜಿಗೆ ಹಾಕುವ ಪ್ಲಾಸ್ಟಿಕ್ ಟಾರ್ಚು. ತಂದ ಕೆಲವೇ ದಿನಕ್ಕೆ ಕಣ್ಣು ಮುಚ್ಚಿತು. ಅದು ಹೇಗೋ ಮಾವನ ಕೈಗೆ ಸಿಕ್ಕಿತು. ಬೋರಲು ಹಾಕಿ ನೋಡಿದರು. ಮಗ್ಗುಲಿಗೆ ತಿರುಗಿಸಿದರು. ಮತ್ತೆ ಬೋರಲು ಹಾಕಿದರು. ಬಿಸಿಲು ಕಿಟಕಿಯಿಂದ ಬಾಗಿಲವರೆಗೆ ಹೋದರೂ ಅವರು ಬಿಡಲಿಲ್ಲ. ಬೆರಳ ತುದಿಯಿಂದ ಸವರಿ ಸವರಿ ಹುಡುಕುತ್ತಿದ್ದರು, ಕತ್ತಲಲ್ಲಿ ಮನೆಯ ಚಿಲಕ ಹುಡುಕುವವರ ಹಾಗೆ.

"ಬಿಡಿ ಮಾವ, ಅದಕ್ಕೆ ಸ್ಕ್ರೂ ಇಲ್ಲ," ಎಂದಳು.

"ಇಲ್ಲ ಅಂದ್ರೆ? ಸ್ಕ್ರೂ ಇಲ್ದೆ ಹೇಗೆ ಮುಚ್ತಾರೆ? ಇರತ್ತೆ. ನನಗೇ ಸಿಕ್ತಾ ಇಲ್ಲ." ಅವರ ದನಿ ಸಣ್ಣಗಾಗಿತ್ತು. "ನನ್ನ ಕೈಗೆ ಮರ್ತುಹೋಗಿದೆ ಕಣಮ್ಮ."

ಅವಳು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಉಗುರಿನಿಂದ ಆ ಅಂಟಿನ ಗೆರೆಯನ್ನು ಕೆರೆದು ಕೆರೆದು ರಕ್ತ ಬರಿಸಿಕೊಂಡಿದ್ದರು. ಬಟ್ಟೆ ಸುತ್ತುವಾಗ ನೋವೆನ್ನಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ನೋಡುತ್ತ ಕೂತರು. ಆ ದಿನ ಊಟ ಮುಟ್ಟಲಿಲ್ಲ. ಮಾರನೆಯ ದಿನವೂ ಎರಡು ತುತ್ತಿಗೇ ಸಾಕೆಂದರು. ಟಾರ್ಚನ್ನು ಬಚ್ಚಿಟ್ಟರೆ ರಿಮೋಟು, ರಿಮೋಟು ತೆಗೆದಿಟ್ಟರೆ ಅಲಾರಾಂ ಗಡಿಯಾರ. ಎಲ್ಲದರ ಬೆನ್ನೂ ಬೋಳು. ಪ್ರತಿ ಸಲವೂ ಅದೇ ಮಾತು: ನನ್ನ ಕೈಗೆ ಮರೆತುಹೋಗಿದೆ.

ಸೊಸೆಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಹೆಂಡತಿ ತೀರಿಹೋದದ್ದನ್ನು ಮರೆತಿದ್ದರು, ಅದಕ್ಕೆ ಅವರು ಹೊಣೆಯಲ್ಲ. ಮಗನನ್ನು ಒಮ್ಮೊಮ್ಮೆ ತಮ್ಮನೆಂದು ಕರೆಯುತ್ತಿದ್ದರು, ಅದಕ್ಕೂ ಯಾರೂ ಬೇಸರಪಟ್ಟುಕೊಂಡಿರಲಿಲ್ಲ. ಅವರಲ್ಲಿ ಗಟ್ಟಿಯಾಗಿ ಉಳಿದಿದ್ದದ್ದು ಆ ಕೈಗಳ ಮೇಲಿನ ನಂಬಿಕೆಯೊಂದೇ. ಅದನ್ನೂ ಒಂದು ಜುಜುಬಿ ಟಾರ್ಚು ಕಿತ್ತುಕೊಂಡರೆ? ಮಾವ ಸೋತೆ ಎಂದುಕೊಂಡು ಹೋಗಬಾರದು, ಅಷ್ಟೇ ಅವಳ ಆಸೆ.

ಕನ್ನಡಕದಂಗಡಿಯಿಂದ ಬರುವಾಗ ಪ್ಲಾಸ್ಟಿಕ್ ಸಾಮಾನಿನ ದೊಡ್ಡ ಅಂಗಡಿಗೆ ನುಗ್ಗಿದಳು. ಟಾರ್ಚು, ಗಡಿಯಾರ, ಲಾಂದ್ರ, ಒಂದೊಂದನ್ನೇ ಎತ್ತಿ ಬೋರಲು ಹಾಕಿ ಇಟ್ಟಳು. ಅಂಗಡಿಯವನು ಹತ್ತಿರ ಬಂದ.

"ಏನಮ್ಮ ಹುಡುಕ್ತಾ ಇದೀರಿ? ರೇಟು ಮುಂದುಗಡೇನೇ ಇದೆ."

"ಸ್ಕ್ರೂ ಇರೋದು ಕೊಡಿ."

"ಸ್ಕ್ರೂ ಯಾಕೆ? ಕೆಟ್ರೆ ಹೊಸದು ತಗೊಳ್ಳಿ. ಈಗ ಯಾರು ರಿಪೇರಿ ಮಾಡ್ತಾರೆ?"

"ನಮ್ಮ ಮಾವ ಮಾಡ್ತಾರೆ," ಎಂದಳು. ಹೊರಗೆ ಬಂದು ತಿರುಗಿ ನೋಡಿದರೆ ಮುಂದಿನ ಸಾಲಿನ ಸಾಮಾನೆಲ್ಲ ಮಕಾಡೆ ಮಲಗಿತ್ತು. ಅಂಗಡಿಯವನು ಒಂದೊಂದನ್ನೇ ಎಬ್ಬಿಸಿ ಕೂರಿಸುತ್ತಿದ್ದ.

ಅವತ್ತು ಮಾವನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದವಳಿಗೆ ಜೊಂಪು ಹತ್ತಿತು. ಮನೆಯ ಬಾಗಿಲಲ್ಲಿ ಯಾರೋ ಬಂದು ನಿಂತ ಹಾಗೆ. ನೋಡಿದರೆ ಇಷ್ಟು ವರ್ಷ ಅವಳು ಎಸೆದ ಸಾಮಾನುಗಳು. ಕಿವಿಯಿಲ್ಲದ ಬಕೆಟ್ಟುಗಳು, ಬಾಯಿ ಸೀಳಿದ ಮಗ್ಗುಗಳು, ಹಲ್ಲುದುರಿದ ಬಾಚಣಿಗೆಗಳು, ಬೀದಿಯ ತಿರುವಿನವರೆಗೂ ಸಾಲು. ಯಾವುದೂ ಜಗಳಕ್ಕೆ ಬಂದಿರಲಿಲ್ಲ. ಬೆಂಚಿನ ಮೇಲೆ ಜಾಗ ಸಿಕ್ಕರೆ ಕೂರೋಣ ಎಂಬಂತೆ ಮೆಲ್ಲಗೆ ಒಂದರ ಹಿಂದೊಂದು ಸರಿಯುತ್ತಿದ್ದವು. ಎದುರಿನಲ್ಲಿ ಮಾವ ಬಿಳಿ ಅಂಗಿ ತೊಟ್ಟು ಕೂತಿದ್ದಾರೆ, ಮುಂದೆ ಖಾಲಿ ತಟ್ಟೆ. "ತಂದ್ಯಾ?" ಎಂದು ಅವಳನ್ನು ಕೇಳುತ್ತಿದ್ದಾರೆ. ಎಚ್ಚರವಾದಾಗ ಬಿಸಿಲು ಅವಳ ಪಾದದ ಮೇಲಿತ್ತು. ಮಾವ ನಿದ್ದೆ ಹೋಗಿದ್ದರು. ಏನು ತರಬೇಕೆಂದು ಅವಳಿಗೆ ಆಗ ಹೊಳೆಯಿತು.

ಬಿಸ್ಕತ್ತಿನ ಡಬ್ಬಿಯನ್ನು ಅಟ್ಟದಿಂದ ಇಳಿಸಿದಳು. ಅದರ ತುಂಬ ಮಾವ ಕೂಡಿಟ್ಟ ಸ್ಕ್ರೂಗಳು. ಬೆರಳಾಡಿಸಿ ಒಂದೇ ಅಳತೆಯ ನಾಲ್ಕನ್ನು ಆರಿಸಿದಳು. ದಬ್ಬಳವನ್ನು ಒಲೆಯ ಉರಿಗೆ ಹಿಡಿದು ಕೆಂಪಗೆ ಕಾಯಿಸಿ ಟಾರ್ಚಿನ ಬೆನ್ನಿಗೆ ಒತ್ತಿದಳು. ಪ್ಲಾಸ್ಟಿಕ್ಕು ಚುಸ್ಸೆಂದು ಕರಗಿತು, ಕೆಟ್ಟ ವಾಸನೆ ಮನೆಯೆಲ್ಲ ಅಡರಿತು. ಮೂರು ತೂತು ಸರಿಯಾಗಿ ಬಂದವು, ನಾಲ್ಕನೆಯದು ಜಾರಿ ಓರೆಯಾಯಿತು. ಕನ್ನಡಕದ ಕಾಲಿಗೆ ಎಳ್ಳುಕಾಳಿನಂಥ ಸ್ಕ್ರೂ ಬಿಗಿದು ಅಭ್ಯಾಸವಿದ್ದ ಕೈ ಇದು, ಈ ದಪ್ಪ ಸ್ಕ್ರೂಗಳ ಮುಂದೆ ತಡವರಿಸಿತು. ಹೇಗೋ ನಾಲ್ಕನ್ನೂ ತಿರುಗಿಸಿ ಕೂರಿಸಿ, ಏನೂ ಅರಿಯದವಳಂತೆ ಮಾವನ ಮಡಿಲಿನ ಹತ್ತಿರ ಇಟ್ಟಳು. ಜೊತೆಗೆ ಅವರ ಸ್ಕ್ರೂಡ್ರೈವರು, ಒಂದು ತಟ್ಟೆ.

ಮಾವ ಎದ್ದರು. ಟಾರ್ಚನ್ನು ಬೋರಲು ಹಾಕಿದರು. ಬೆರಳು ಸವರುತ್ತ ಹೋಗಿ ಒಂದು ಕಡೆ ತಡೆದು ನಿಂತಿತು.

"ಹಾಂ," ಎಂದರು. ಅಷ್ಟೇ. ಆದರೆ ಆ ಒಂದು ಹಾಂನಲ್ಲಿ ಇಡೀ ಅಂಗಡಿಯ ಬಾಗಿಲು ತೆರೆದ ಹಾಗಾಯಿತು. ಒಂದೊಂದನ್ನೇ ತೆಗೆದು ತಟ್ಟೆಯ ಅಂಚಿಗೆ ಜೋಡಿಸಿದರು. ಮತ್ತೆ ಒಂದೊಂದನ್ನೇ ಹಾಕಿದರು. ಟಾರ್ಚೇನೂ ಹತ್ತಲಿಲ್ಲ, ಹತ್ತಬೇಕೆಂದು ಅವರು ಕೇಳಲೂ ಇಲ್ಲ. ರಾತ್ರಿ ತಟ್ಟೆಯಲ್ಲಿ ಬಡಿಸಿದ್ದನ್ನೆಲ್ಲ ಉಂಡರು.

ಸೊಸೆಗೆ ಹುಚ್ಚು ಹಿಡಿದಂತಾಯಿತು. ರಿಮೋಟಿಗೆ ನಾಲ್ಕು, ಅಲಾರಾಂ ಗಡಿಯಾರಕ್ಕೆ ನಾಲ್ಕು, ಕೈಫ್ಯಾನಿಗೆ ನಾಲ್ಕು. ಮಧ್ಯಾಹ್ನಗಳು ಮತ್ತೆ ಉದ್ದವಾಗಿ, ಬೆಚ್ಚಗೆ ಹರಿಯತೊಡಗಿದವು. ಮಾವ ಕಾಣದ ಗಿರಾಕಿಗಳನ್ನು ಸಂಜೆ ಬರಹೇಳುತ್ತ ಸ್ಕ್ರೂ ತಿರುಗಿಸುತ್ತಿದ್ದರೆ ಅವಳು ಆ ಸಣ್ಣ ಕಿರ್‍ರ್ ಕಿರ್‍ರ್ ಸದ್ದಿಗೆ ಅರ್ಧ ನಿದ್ದೆಯಲ್ಲೇ ಸೊಪ್ಪು ಬಿಡಿಸುತ್ತಿದ್ದಳು. ಒಂದು ಬೆಳಿಗ್ಗೆ ಗಂಡ ಬಚ್ಚಲುಮನೆಯಿಂದ ಸೋಪಿನ ಡಬ್ಬಿ ಹಿಡಿದುಕೊಂಡೇ ಬಂದ.

"ಇದಕ್ಕೂ ಹಾಕಿದೀಯಾ ಮಾರಾಯ್ತಿ? ನೀರೆಲ್ಲ ಸೋರ್ತಾ ಇದೆ. ನಾಳೆ ನಾನು ಮಲಗಿರೋವಾಗ ನನ್ನ ಬೆನ್ನಿಗೂ ಬಿಗಿದುಬಿಡ್ತೀಯೇನೋ."

"ನಿಮ್ದು ಆಗ್ಲೇ ಒಂದೆರಡು ಸಡಿಲ ಇದಾವಲ್ಲ, ಅದನ್ನ ಮೊದ್ಲು ನೋಡ್ಬೇಕು."

ಅವನು ನಕ್ಕ. ಆಮೇಲೆ ಒದ್ದೆ ಕೈಯಲ್ಲೇ ಬಾಗಿಲ ಹತ್ತಿರ ನಿಂತು, "ಆದ್ರೂ ಒಂದು ಮಾತು ಕಣೇ. ಅಪ್ಪನಿಗೆ ನಾವು ಸುಳ್ಳು ಹೇಳಿದ ಹಾಗಾಗಲ್ವಾ? ಒಂದಿನ ಅವರಿಗೆ ಗೊತ್ತಾದ್ರೆ?" ಎಂದ.

ಅವಳು ಸೋಪಿನ ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಗೊತ್ತಾದರೆ, ತನ್ನನ್ನು ಮಗುವಿನಂತೆ ಆಟವಾಡಿಸಿದರು ಎಂದು ನೊಂದುಕೊಂಡರೆ, ಆಗ ಉಳಿದಿದ್ದ ಚೂರು ನಂಬಿಕೆಯೂ ಹೋಗುತ್ತದೆ. ಅದನ್ನು ಕಿತ್ತುಕೊಂಡವಳು ತಾನೇ ಆದಂತಾಗುತ್ತದೆ. ಅಂದಿನಿಂದ ಮಾವ ಸ್ಕ್ರೂಡ್ರೈವರು ಎತ್ತಿಕೊಂಡಾಗಲೆಲ್ಲ ಅವಳಿಗೆ ಒಳಗೊಳಗೇ ಅಳುಕು.

ಒಂದು ಮಧ್ಯಾಹ್ನ ಹೊರಗೆ ಮೋಡ ಕವಿದಿತ್ತು. ಬೆಳಕು ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ಹಾಗೆ ಕೋಣೆಯ ತುಂಬ ಹರಡಿಕೊಂಡಿತ್ತು. ಮಾವ ಆ ನೀಲಿ ಟಾರ್ಚನ್ನು ಎತ್ತಿಕೊಂಡು ನಾಲ್ಕೂ ಸ್ಕ್ರೂ ತೆಗೆದಿಟ್ಟರು. ಆದರೆ ಈ ಸಲ ಮತ್ತೆ ಹಾಕಲಿಲ್ಲ. ತೂತಿನೊಳಗೆ ಸ್ಕ್ರೂಡ್ರೈವರಿನ ತುದಿ ಇಟ್ಟು ಮೆಲ್ಲಗೆ ತಟ್ಟಿದರು. ಟಾರ್ಚನ್ನು ಕಿವಿಗೆ ಹಿಡಿದು ಮತ್ತೊಮ್ಮೆ ತಟ್ಟಿದರು. ಅಂಟಿನ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮಾ," ಎಂದರು, ಗಿರಾಕಿಯನ್ನು ಕರೆಯುವ ದನಿಯಲ್ಲಿ. "ಇದನ್ನ ನನಗಿಂತ ಮೊದ್ಲು ಯಾರ ಹತ್ರ ಕೊಟ್ಟಿದ್ರಿ?"

"ಯಾಕೆ ಮಾವ?"

"ಈ ಸ್ಕ್ರೂಗಳು ಏನನ್ನೂ ಹಿಡ್ಕೊಂಡಿಲ್ಲ. ಸುಮ್ನೆ ನಿಂತಿದಾವೆ. ಒಳಗೆ ಪೂರ್ತಿ ಅಂಟು. ಇದು ಬಿಚ್ಚೋ ಸಾಮಾನೇ ಅಲ್ಲ."

ಅವಳು ಆ ಹಳೆಯ ಮಾತಿಗಾಗಿ ಕಾದಳು. ಈಗ ಹೇಳುತ್ತಾರೆ, ಕೈಗೆ ಮರೆತುಹೋಗಿದೆ ಎಂದು. ಮಾವ ಟಾರ್ಚನ್ನು ತಟ್ಟೆಯ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು.

"ತಪ್ಪು ನಂದಲ್ಲ ಅಮ್ಮ, ಇದನ್ನ ಮಾಡಿದೋರ್ದು. ರಿಪೇರಿ ಆಗಬಾರ್ದು ಅಂತಾನೇ ಮಾಡಿದಾರೆ."

ಅವಳ ಕಣ್ಣು ತುಂಬಿ ಬಂತು. ಮಾವ ಅದನ್ನು ಬೇರೆ ರೀತಿ ತಿಳಿದರೋ ಏನೋ, ಸಮಾಧಾನ ಮಾಡುವವರಂತೆ ಮುಂದಕ್ಕೆ ಬಾಗಿದರು.

"ಸ್ಕ್ರೂ ಹಾಕಿದೋರಿಗೆ ಬೈಬೇಡಿ ಮತ್ತೆ. ಯಾರೋ ಕಲಿಯೋರು. ನಾಲ್ಕನೇದು ಓರೆ ಆಗಿದೆ, ಕೈ ನಡುಗಿರ್ಬೇಕು. ಆದ್ರೂ ನೋಡಿ, ಹುಡುಕಿ ಹುಡುಕಿ ಒಂದೇ ಅಳತೇವು ಹಾಕಿದಾರೆ. ಅಷ್ಟು ಅಕ್ಕರೆ ಇರೋರು ಎಲ್ಲಿ ಸಿಗ್ತಾರೆ? ಕರ್ಕೊಂಡು ಬನ್ನಿ, ನಾನು ಹೇಳ್ಕೊಡ್ತೀನಿ."

"ನಾನೇ ಮಾವ ಹಾಕಿದ್ದು."

ಮಾವ ಅವಳ ಮುಖವನ್ನೂ ಕೈಗಳನ್ನೂ ನೋಡಿದರು. ಸೊಸೆಯೆಂದು ಗುರುತು ಹಿಡಿದರೋ ಇಲ್ಲವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ.

"ನೀನಾ?" ಎಂದರು. ಕಾಲಿನಿಂದ ಸ್ಟೂಲನ್ನು ಅವಳ ಕಡೆಗೆ ತಳ್ಳಿದರು. "ಮತ್ತೆ ಅಲ್ಲಿ ಯಾಕೆ ನಿಂತಿದೀಯ, ಕೂತ್ಕೋ."

ಕೂತಳು. ತಟ್ಟೆಯಿಂದ ಮೊದಲನೆಯ ಸ್ಕ್ರೂವನ್ನು ತೆಗೆದು ಅವರೇ ಅವಳ ಅಂಗೈಗೆ ಹಾಕಿದರು. ಸ್ಕ್ರೂಡ್ರೈವರು ಹಿಡಿದ ಅವಳ ಬೆರಳುಗಳ ಮೇಲೆ ತಮ್ಮ ಕೈ ಇಟ್ಟರು.

"ಒತ್ಬೇಡ. ಅದೇ ದಾರಿ ಹುಡ್ಕೊಂಡು ಹೋಗತ್ತೆ, ಜೊತೆಗಿರು ಸಾಕು."

ಅವಳ ಕೈ ನಡುಗುತ್ತಿತ್ತು. ಅವರದು ನಡುಗಲಿಲ್ಲ.