ಮಾವ ಗುಡಿಸಿಟ್ಟ ಹತ್ತಿ

ನನ್ನ ಸೋದರಮಾವ ಗಾದಿ ಮಾಡುವವರು. ಹಳೇ ಗಾದಿ ಕೊಟ್ಟರೆ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುತ್ತಾರೆ. ಕೂದಲಲ್ಲಿ, ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ. ಆದರೆ ಒಬ್ಬರ ಹತ್ತಿಯನ್ನು ಇನ್ನೊಬ್ಬರದಕ್ಕೆ ಸೇರಿಸಿದವರಲ್ಲ. ಪ್ರತಿ ಮನೆಯದೂ ಬೇರೆ ರಾಶಿ, ಮೇಲೆ ಆ ಮನೆಯದೇ ಗವಸು. "ನಂಬಿ ಕೊಟ್ಟಿದ್ದು ಕಣೇ, ನನ್ನದಲ್ಲ" ಅನ್ನುತ್ತಿದ್ದರು.

ಇಂಥವರು ಹಿಂಜುವ ಯಂತ್ರದ ಸಾಲ ತೀರಿಸಲಾಗದೆ ದಿವಾಳಿಯೆದ್ದರು. ಅಂಗಡಿಯಲ್ಲಿದ್ದುದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚಲು ಕೋರ್ಟಿನಿಂದ ಅಧಿಕಾರಿ ಬರುವವರಿದ್ದರು. ನನ್ನ ಕೂಸಿನ ಪುಟ್ಟ ಗಾದಿಯೂ ಅಲ್ಲೇ ಬಿಚ್ಚಿಕೊಂಡು ಬಿದ್ದಿತ್ತು. ಕೂಸನ್ನು ಸೊಂಟಕ್ಕೇರಿಸಿಕೊಂಡು ಓಡಿದೆ. ನೋಡಿದರೆ ನೆಲವೆಲ್ಲ ಚೊಕ್ಕ. ಮೂಲೆಯಲ್ಲಿ ಒಂದೇ ದೊಡ್ಡ ರಾಶಿ! ಗವಸುಗಳು ನೀಟಾಗಿ ಮಡಚಿಕೊಂಡು ಕೂತಿವೆ.

"ಏನ್ ಮಾವ ಇದು!"

"ದೊಡ್ಡೋರು ಬರ್ತಾರಲ್ಲ, ಅಂಗಡಿ ಗಲೀಜಾಗಿರಬಾರ್ದು ಅಂತ ಗುಡಿಸ್ದೆ."

"ಜೀವಮಾನ ಪೂರ್ತಿ ಬೇರೆಬೇರೆ ಇಟ್ಟು, ಇವತ್ತೇ ಸೇರಿಸ್ಬೇಕಿತ್ತಾ?"

ಅಷ್ಟರಲ್ಲಿ ಅಧಿಕಾರಿ ಬಂದೇಬಿಟ್ಟರು. "ಯಾರದ್ದು ಇದು?"

"ಗಿರಾಕಿಗಳದ್ದು ಮೇಡಂ. ಅಂಗಡೀದೂ ಒಂದಿಷ್ಟಿದೆ."

"ಯಾವುದು ಯಾರದ್ದು ಅಂತ ತೋರಿಸಿ. ಇಲ್ಲಾಂದ್ರೆ ಎಲ್ಲಾ ಹರಾಜಿಗೆ."

ಸಾಲಕ್ಕೆ ಯಂತ್ರ ಹೋದಾಗಲೂ ಅಳದ ಮಾವ "ಜನಕ್ಕೆ ಹೆಂಗೆ ಮುಖ ತೋರಿಸ್ಲಿ" ಎಂದು ಕುಸಿದು ಕೂತರು. ನನಗೋ ರೇಗಿಹೋಯಿತು. ಗವಸುಗಳನ್ನು ತಂದು ಅಧಿಕಾರಿಯ ಮುಂದೆ ಹಾಕಿದೆ.

"ಇವು ಮಾವಂದಲ್ಲ ತಾನೇ? ಇವು ತುಂಬೋವಷ್ಟು ಹತ್ತಿ ಆಯಾ ಮನೆಯವ್ರದ್ದೇ."

ಅವರು ಗವಸು ತಿರುವಿ ನೋಡಿದರು. "ಸರಿ. ಕಲೆಸಿಬಿಟ್ಟ ಮಾತ್ರಕ್ಕೆ ನಂಬಿ ಕೊಟ್ಟವ್ರ ಸೊತ್ತು ಅಂಗಡಿಯದಾಗಲ್ಲ. ಮೊದಲು ಗವಸು ತುಂಬಿ. ಉಳಿದಿದ್ದು ಸಾಲ ಕೊಟ್ಟವ್ರಿಗೆ."

ಮಾವ ತುಂಬಿದರು, ತುಂಬಿದರು! ಧಾರಾಳಕ್ಕೂ ಮಿತಿ ಬೇಡವೇ? ಒಂದೊಂದು ಗಾದಿಯೂ ಬಸುರಿ ಹೊಟ್ಟೆಯಂತೆ ಉಬ್ಬಿತು. ಕೊನೆಗೆ ನಮ್ಮ ಗವಸಿಗೆ ಉಳಿದದ್ದು ಒಂದು ಹಿಡಿ.

"ಮನೇವ್ರು ಕೊನೆಗೆ ಅಲ್ವೇನೇ? ಕೂಸು ಹಗುರ, ಸಾಕು ಬಿಡು."

"ಸಾಕಾಗಲ್ಲ!" ಅಧಿಕಾರಿ ಗದರಿದರು. "ಅದೂ ನಿಮ್ಮನ್ನ ನಂಬಿ ಕೊಟ್ಟಿದ್ದೇ. ಎಲ್ಲರಿಗೂ ಮೊದಲು ಎಷ್ಟಿತ್ತೋ ಅಷ್ಟೇ. ಬಿಚ್ಚಿ."

ಮಾವ ಗೊಣಗುತ್ತ ಹೊಲಿಗೆಗಳನ್ನೆಲ್ಲ ಬಿಚ್ಚಿ, ಹೆಚ್ಚಾದದ್ದನ್ನು ಕಿತ್ತರು. ನಮ್ಮದೂ ತುಂಬಿತು, ಸಾಲ ಕೊಟ್ಟವರಿಗೂ ಒಂದು ಮೂಟೆ ಮಿಕ್ಕಿತು. ಅಂಗಡಿಗೆ ಬೀಗ ಬಿದ್ದ ಮೇಲೆ ಗಾದಿಗಳನ್ನು ತಾವೇ ಹೊತ್ತು ಮನೆಮನೆಗೆ ಮುಟ್ಟಿಸಿದರು.

ಕೂಸೀಗ ಬೀದಿಯವರೆಲ್ಲರ ಹತ್ತಿಯ ಮೇಲೆ ಮಲಗಿದೆ. ಮಾವ ಬಂದವರೇ ಗಾದಿ ಒತ್ತಿ ನೋಡಿ, "ಸ್ವಲ್ಪ ಜಾಸ್ತಿಯಾಯ್ತೇನೋ. ಪಕ್ಕದ್ಮನೆಯವ್ರಿಗೆ ಕೊಟ್ಟು ಬರ್ಲಾ?" ಅಂದರು.

ಕತ್ತರಿಯನ್ನು ಬಚ್ಚಿಟ್ಟಿದ್ದೇನೆ.